ಹಗ್ಗದ ಕೆಳಗಿನ ಗಾದಿ

ಸಾಕ್ಷ್ಯಚಿತ್ರ ಮಾಡುವ ಭಾರ್ಗವ ಮೊದಲ ಸಲ ಫೋನ್ ಮಾಡಿದಾಗ ರಾಜಶ್ರೀ ಆಫೀಸಿನಲ್ಲಿ ಯಾರದೋ ಸಿಟ್ಟು ಇಳಿಸುತ್ತಿದ್ದಳು. ಅವಳ ಉದ್ಯೋಗವೇ ಅದು. ಆರೋಗ್ಯ ವಿಮೆಯ ಕಂಪನಿಯೊಂದರ ಗ್ರಾಹಕರು ಕರೆ ಮಾಡಿ, ನಮ್ಮ ಕ್ಲೈಮ್ ಯಾಕೆ ಪಾಸಾಗಿಲ್ಲ ಎಂದು ಕೂಗಾಡುತ್ತಾರೆ. ಕೂಗು ಮುಗಿಯುವವರೆಗೂ ಕೇಳಿಸಿಕೊಂಡು, ಆಮೇಲೆ ಯಾವ ಕಾಗದ ಬೇಕು ಎಂದು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಅವಳು ಗಾಲಿಕುರ್ಚಿಯಲ್ಲಿ ಕೂತಿರುವುದು ಬೈಯುವವರಿಗೆ ಕಾಣುವುದಿಲ್ಲ; ಹಾಗಾಗಿ ಎಲ್ಲರಿಗೆ ಬೈಯುವ ಹಾಗೆ ಅವಳಿಗೂ ಮನಸಾರೆ ಬೈಯುತ್ತಾರೆ.

ಭಾರ್ಗವ ಜಯನಗರದವನು, ಮೆದು ಮಾತಿನ ಮನುಷ್ಯ. "ಆಟ ಆಡುವಾಗ ಪೆಟ್ಟಾಗಿ ಬದುಕೇ ಬೇರೆ ದಾರಿ ಹಿಡಿದವರ ಬಗ್ಗೆ ಡಾಕ್ಯುಮೆಂಟರಿ ಮೇಡಂ. ನಾಲ್ಕು ಜನ ಬರ್ತಾರೆ. ನಿಮ್ಮದು ಮಲ್ಲಕಂಬ, ನಮ್ಮ ನೆಲದ ಆಟ. ಅದೂ ಹುಡುಗಿ, ಅದೂ ಉತ್ತರ ಕರ್ನಾಟಕ, ಮತ್ತೆ ವೀಲ್‌ಚೇರ್..." ಎಂದು ಹೇಳುತ್ತ ಹೋಗಿ, ನಡುವೆ ತಾನೇ ನಾಚಿಕೊಂಡು ಮಾತು ನಿಲ್ಲಿಸಿದ. "ಅಂದ್ರೆ, ಡೈವರ್ಸಿಟಿ ಇರ್ಬೇಕು ಅಂತ ಫಂಡ್ ಕೊಡೋರು ಕೇಳ್ತಾರೆ."

"ಎಲ್ಲಾ ಬಾಕ್ಸಿಗೂ ನನ್ನೊಬ್ಬಳಿಂದಲೇ ಟಿಕ್ ಬೀಳ್ತು ಅನ್ನಿ," ಅಂದಳು ರಾಜಶ್ರೀ.

ಅವನು ಜೋರಾಗಿ ನಕ್ಕ. ನಕ್ಕಿದ್ದಕ್ಕೇ ಅವಳು ಒಪ್ಪಿದ್ದು.

ಲಕ್ಷ್ಮೇಶ್ವರದ ಪಕ್ಕದ ಹಳ್ಳಿಯಲ್ಲಿ ಅವಳು ಎಂಟನೇ ವಯಸ್ಸಿಗೇ ಹಗ್ಗ ಹಿಡಿದಿದ್ದಳು. ಮಲ್ಲಕಂಬದಲ್ಲಿ ಹುಡುಗರು ಎಣ್ಣೆ ಸವರಿದ ಕಂಬ ಹತ್ತಿದರೆ, ಹುಡುಗಿಯರು ಮೇಲಿನಿಂದ ಇಳಿಬಿಟ್ಟ ಹಗ್ಗ ಹತ್ತುತ್ತಾರೆ. ಕಾಲಿನ ಬೆರಳ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಂಡು ಮೇಲೇರಿ, ಅದನ್ನೇ ಸೊಂಟಕ್ಕೆ, ತೊಡೆಗೆ ಸುತ್ತಿಕೊಂಡು ಗಾಳಿಯಲ್ಲಿ ಪದ್ಮಾಸನ ಹಾಕುತ್ತಾರೆ, ತಲೆಕೆಳಗಾಗುತ್ತಾರೆ, ಗರಗರ ತಿರುಗಿ ಇಳಿಯುತ್ತಾರೆ. ಕಲಿಸಿದವರು ಶಾಲೆಯ ಡ್ರಿಲ್ ಮಾಸ್ತರ ಹೊಳೆಪ್ಪ. ಮಗಳನ್ನು ಆಟಕ್ಕೆ ಕಳಿಸಲೊಲ್ಲದ ಅಪ್ಪನನ್ನು ಮೂರು ತಿಂಗಳು ಬೆನ್ನುಹತ್ತಿ ಒಪ್ಪಿಸಿದವರು ಅವರೇ. ಹದಿನೆಂಟನೆಯ ವಯಸ್ಸಿನಲ್ಲಿ, ಒಂದು ಕ್ರೀಡಾಕೂಟದ ಉದ್ಘಾಟನೆಯ ಪ್ರದರ್ಶನದಲ್ಲಿ ಅವಳು ಹಗ್ಗದಿಂದ ಬಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗಿನ ಮೈ ಅಂದಿನಿಂದ ಅವಳ ಮಾತು ಕೇಳಲಿಲ್ಲ.

ಅದು ಹದಿನೈದು ವರ್ಷದ ಹಿಂದಿನ ಮಾತು. ಚಿಕಿತ್ಸೆಗೆಂದು ತಾಯಿ ಮುರಿಗೆವ್ವ ಅವಳನ್ನು ಬೆಂಗಳೂರಿಗೆ ಕರೆತಂದಳು. ಒಂದು ಪುನಶ್ಚೇತನ ಕೇಂದ್ರದಲ್ಲಿ ಎಂಟು ತಿಂಗಳಿದ್ದು, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಪಕ್ಕಗಾಲಿ ಹಾಕಿದ ಸ್ಕೂಟರಿಗೆ ತೋಳಿನ ಬಲದಲ್ಲೇ ಜರುಗುವುದನ್ನು ರಾಜಶ್ರೀ ಕಲಿತಳು. ಹಗ್ಗ ಹತ್ತಿದ ತೋಳುಗಳು, ಬೇಗ ಕಲಿತವು. ಈ ನಡುವೆ ಅಪ್ಪ ತೀರಿಕೊಂಡ. ತಾಯಿ ಮಗಳು ಬಿಟಿಎಂ ಲೇಔಟಿನಲ್ಲಿ ಮೆಟ್ಟಿಲಿಲ್ಲದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಉಳಿದುಕೊಂಡರು.

ಚಿತ್ರೀಕರಣ ಮೂರು ದಿನ ನಡೆಯಿತು. ಕ್ಯಾಮೆರಾ ಹಿಡಿದವಳು ಶರ್ವಾಣಿ ಎಂಬ ಹುಡುಗಿ. ಮೊದಲ ಗಂಟೆಯಲ್ಲೇ ಮುರಿಗೆವ್ವನ ಅಡುಗೆಮನೆಗೆ ನುಗ್ಗಿ ರೊಟ್ಟಿ ಬಡಿಯಲು ಕೂತವಳು. ರಾಜಶ್ರೀ ಸ್ಕೂಟರಿನಲ್ಲಿ ಆಫೀಸಿಗೆ ಹೋಗುವುದು, ಕೂತಲ್ಲಿ ಹುಣ್ಣಾಗದಂತೆ ಅರ್ಧ ಗಂಟೆಗೊಮ್ಮೆ ಕೈಯೂರಿ ಮೈಯೆತ್ತುವುದು, ಎಲ್ಲವನ್ನೂ ತೆಗೆದರು. ಸಂಜೆ ಊರಿನ ಹುಡುಗಿಯರು ಕಳಿಸುವ ವೀಡಿಯೋಗಳನ್ನೂ ತೆಗೆದರು. ಅವಳ ಜೊತೆ ಕಲಿತವನೊಬ್ಬ ಈಗ ಅಲ್ಲಿ ಮಕ್ಕಳಿಗೆ ಹಗ್ಗ ಕಲಿಸುತ್ತಾನೆ. ಆ ಹುಡುಗಿಯರ ವೀಡಿಯೋವನ್ನು ರಾಜಶ್ರೀ ನಿಲ್ಲಿಸಿ ನಿಲ್ಲಿಸಿ ನೋಡಿ, "ಎಡಗಾಲಿನ ಹಿಡಿತ ಸಡ್ಲ ಐತಿ, ನೋಡಕೋ. ನಾಳೆ ಮತ್ತ ಕಳಸು," ಎಂದು ದನಿ ಮುದ್ರಿಸಿ ಕಳಿಸುತ್ತಾಳೆ.

ಮೂರನೆಯ ದಿನ ಜಯನಗರದ ಒಂದು ಮೈದಾನಕ್ಕೆ ಕರೆದೊಯ್ದು, ಓಡಾಡುವ ಮಕ್ಕಳನ್ನು ಸುಮ್ಮನೆ ನೋಡುತ್ತಿರಿ ಅಂದರು. ನೋಡಿದಳು. ಬಿಸಿಲಿತ್ತು, ಕಣ್ಣು ಕಿರಿದು ಮಾಡಿಕೊಂಡೇ ನೋಡಿದಳು.

ಎರಡು ತಿಂಗಳಾದ ಮೇಲೆ ಜೆ.ಪಿ. ನಗರದ ಪುಟ್ಟ ಸಭಾಂಗಣದಲ್ಲಿ ನಲವತ್ತು ಜನರಿಗೆ ಮೊದಲ ಪ್ರದರ್ಶನ. ಮುರಿಗೆವ್ವ ಇಳಕಲ್ ಸೀರೆ ಉಟ್ಟು ಬಂದಳು.

ಚಿತ್ರ ಶುರುವಾಗುತ್ತಿದ್ದದ್ದೇ ರಾಜಶ್ರೀಯಿಂದ. ಮೊದಲು ಕುರ್ಚಿಯ ಗಾಲಿ ಮಾತ್ರ, ತೆರೆಯ ತುಂಬ, ಮೆಲ್ಲಗೆ ಉರುಳುತ್ತ. ಹಿಂದೆ ಪಿಟೀಲು ಅಳುತ್ತಿತ್ತು. ಆಮೇಲೆ ಮೈದಾನ, ಆಡುವ ಮಕ್ಕಳು, ಅವಳ ಕಿರಿದಾದ ಕಣ್ಣು. ಬಿಸಿಲಿಗೆ ಕಿರಿದಾದ ಕಣ್ಣು ಅಲ್ಲಿ ದುಃಖದ ಕಣ್ಣಾಗಿತ್ತು. ಬೆನ್ನುಹುರಿ ಎಂದರೇನು ಎಂದು ಡಾಕ್ಟರೊಬ್ಬರು ಮಾತಾಡಿದರು. ರಾಜಶ್ರೀ ಮೂರು ವಾಕ್ಯ ಆಡಿದಳು. ಕೊನೆಗೆ ತೆರೆಯ ಮೇಲಿನ ಮುರಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ತೆರೆ ಕಪ್ಪಾಯಿತು. ಆಫೀಸು ಇರಲಿಲ್ಲ. ಊರಿನ ಹುಡುಗಿಯರ ವೀಡಿಯೋ ಇರಲಿಲ್ಲ. ಚಿತ್ರದ ಕೊನೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಶಿವಕಿರಣ್ ಎಂಬ ಕ್ರಿಕೆಟ್ ಹುಡುಗ ಬೆಳಗಿನ ಬೆಳಕಿನಲ್ಲಿ ಓಡಿದ. ಡೋಲು ಬಡಿಯಿತು, ಜನ ಚಪ್ಪಾಳೆ ತಟ್ಟಿದರು.

ರಾಜಶ್ರೀಯೂ ತಟ್ಟಿದಳು. ತಟ್ಟುತ್ತಲೇ ಅವಳಿಗೆ ಹೊಳೆಯಿತು: ಮೊದಲು ಬರುವ ತಾನು ನೋಡುವವರಿಗೆ ಹೆದರಿಕೆ, ಕೊನೆಗೆ ಬರುವ ಅವನು ಅವರಿಗೆ ಧೈರ್ಯ. ಆಟದಲ್ಲಿ ಪೆಟ್ಟಾದರೆ ಹೀಗೂ ಆದೀತು, ಆದರೆ ಹಾಗೆ ಎದ್ದು ಓಡಬಹುದು. ಎದ್ದು ಓಡಲಾಗದವಳ ಹದಿನೈದು ವರ್ಷ ಆ ಹೆದರಿಕೆಯೊಳಗೇ ಮುಗಿದುಹೋಗಿತ್ತು. ಶಿವಕಿರಣ್ ಒಳ್ಳೆಯ ಹುಡುಗ. ಅವನ ಮೇಲೆ ಸಿಟ್ಟು ಬರಲಿಲ್ಲ.

ಹೊರಗೆ ಹೆಂಗಸರು ಮುರಿಗೆವ್ವನ ಕೈ ಹಿಡಿದು, "ನಿಮ್ಮಂಥ ತಾಯಿ ಸಿಗಲ್ಲಮ್ಮ," ಅಂದರು. ಒಬ್ಬರಂತೂ ಕಾಲಿಗೇ ಬಿದ್ದರು. ಮುರಿಗೆವ್ವ ಮೆಲ್ಲಗೆ ಕೈ ಬಿಡಿಸಿಕೊಂಡಳು. ಮನೆಗೆ ಬಂದು ಸೀರೆ ಬದಲಿಸಿ, ಚಹಾಕ್ಕಿಟ್ಟು, ಆಮೇಲೆ ಬಾಯಿ ಬಿಟ್ಟಳು.

"ನಾ ಮಾತಾಡಿದ್ದು ಕನ್ನಡಾನ ಅಲ್ಲೇನ? ಕೆಳಗ ಮತ್ತ ಕನ್ನಡ ಯಾಕ ಬರದಿದ್ರು?"

ರಾಜಶ್ರೀಗೆ ನಗು ತಡೆಯಲಾಗಲಿಲ್ಲ. ಮುರಿಗೆವ್ವನ ಮಾತು ಬಂದಾಗಲೆಲ್ಲ ತೆರೆಯ ಕೆಳಗೆ ಅದನ್ನೇ ಬೆಂಗಳೂರಿನ ಕನ್ನಡದಲ್ಲಿ ಅಚ್ಚು ಹಾಕಿದ್ದರು. "ಇಲ್ಲಿ ಮಂದಿಗೆ ತಿಳಿಯಂಗಿಲ್ಲ ಅಂತ ಬರದಾರ ಬಿಡವ್ವ."

"ತಿಳಿಯಲಿಲ್ಲಂದ್ರ ಬಾಜೂ ಕುಂತವರನ್ನ ಕೇಳಲಿ." ಲೋಟ ಮಗಳ ಕೈಗಿತ್ತು ಮುರಿಗೆವ್ವ ತಗ್ಗಿದ ದನಿಯಲ್ಲಿ ಅಂದಳು, "ಮತ್ತೊಂದು ಮಾತು. ನಾ ಅತ್ತಿದ್ದು ನಿನ್ನ ಸಲುವಾಗಿ ಅಲ್ಲ."

"ಅಂದ್ರ?"

"ನಿನ್ನ ಸಲುವಾಗಿ ಅಳೂದು ಎಂದೋ ಮುಗದೈತಿ. ಆ ಹುಡುಗಿ ರೊಟ್ಟಿ ಬಡಿಯೋ ಮುಂದ, ಯಾರು ಕಲಿಸಿದ್ರಬೇ ಅಂತ ಕೇಳ್ತು. ನಮ್ಮವ್ವ ಅಂದೆ. ಅಕಿ ಸಾಯೋ ಮುಂದ ನಾ ಬೆಂಗಳೂರಾಗಿದ್ದೆ, ಮಾರಿ ಸೈತ ನೋಡಲಿಲ್ಲ. ಅದಕ್ಕ ಅತ್ತೆ. ಅದನ್ನ ತಂದು ನೀ ಬಿದ್ದದ್ದಕ್ಕ ಹಚ್ಚಿಬಿಟ್ಟಾರ." ಅವಳ ದನಿಯಲ್ಲಿ ಕೋಪಕ್ಕಿಂತ ಸೋಜಿಗವಿತ್ತು. "ಇವತ್ತ ಅಷ್ಟ ಮಂದಿ ಕೈ ಹಿಡದ್ರಲ್ಲ, ಕದ್ದ ಸೀರಿ ಉಟ್ಟಂಗಾತು ನನಗ."

ಮಾರನೆಯ ದಿನವೇ ರಾಜಶ್ರೀ ಬನಶಂಕರಿಗೆ ಹೋದಳು. ಅಲ್ಲೊಂದು ಮನೆಯ ಗ್ಯಾರೇಜೇ ಭಾರ್ಗವನ ಎಡಿಟಿಂಗ್ ಕೋಣೆ. ಬಾಗಿಲ ಮೆಟ್ಟಿಲಿಗೆ ಹಲಗೆ ಇಟ್ಟು ಶರ್ವಾಣಿ ಕುರ್ಚಿಯನ್ನು ಒಳಗೆ ಬಿಟ್ಟುಕೊಂಡಳು.

"ಅಮ್ಮ ಅತ್ತಿದ್ದು ನಾನು ಬಿದ್ದಿದ್ದಕ್ಕಲ್ಲ ಭಾರ್ಗವ್. ಅದು ನಿಮಗೂ ಗೊತ್ತು," ಎಂದು ರಾಜಶ್ರೀ ನೇರವಾಗಿ ಹೇಳಿದಳು.

ಅವನು ಅಲ್ಲಗಳೆಯಲಿಲ್ಲ. ಕಣ್ಣು ಕಂಪ್ಯೂಟರಿನ ಮೇಲೇ ಇತ್ತು. "ಗೊತ್ತು. ತಪ್ಪು. ತೆಗೀತೀನಿ," ಅಂದ. ಆಮೇಲೆ ಕುರ್ಚಿ ತಿರುಗಿಸಿ ಅವಳಿಗೆ ಮುಖ ಕೊಟ್ಟ. "ಆದ್ರೆ ಯಾಕೆ ಹಾಕಿದೆ ಅಂತಾನೂ ಹೇಳ್ಬಿಡ್ತೀನಿ. ನೀವು ಬಿದ್ದ ಕಥೆ ಹೇಳಿದ್ರಲ್ಲ, ಅದರಲ್ಲಿ ಜೀವ ಇಲ್ಲ ಮೇಡಂ. ಬೇರೆ ಎಲ್ಲ ಮಾತಾಡುವಾಗ ಸಖತ್ತಾಗಿ ಮಾತಾಡ್ತೀರ. ಅದೊಂದು ಬಂದ್ರೆ ಮಾತ್ರ ಯಾರದೋ ಕ್ಲೈಮ್ ಫಾರಂ ಓದಿದ ಹಾಗೆ. 'ಗಾದಿ ಇತ್ತು, ನನ್ನ ಕೈ ಜಾರಿತು, ನನ್ನದೇ ತಪ್ಪು.' ಎರಡು ಟೇಕಲ್ಲೂ ಅದೇ ಮಾತು, ಅಕ್ಷರ ಬದಲಾಗಿಲ್ಲ."

ಶರ್ವಾಣಿ ಮೆಲ್ಲಗೆ, "ಅಕ್ಕ, ಒಂದು ಕೇಳ್ಲಾ?" ಎಂದು ಒಂದು ಫೋಟೋ ತೆರೆದಳು. ರಾಜಶ್ರೀಯೇ ಕೊಟ್ಟ ಹಳೆಯ ಫೋಟೋ. ಬಿದ್ದ ದಿನದ್ದು, ಬೀಳುವುದಕ್ಕೆ ಸ್ವಲ್ಪ ಮುಂಚಿನದು. ಎರಡಾಳೆತ್ತರದ ಹಗ್ಗದಲ್ಲಿ ಅವಳು ಪದ್ಮಾಸನ ಹಾಕಿ ಕೈಮುಗಿದು ಕೂತಿದ್ದಳು. ಹಿಂದೆ ವೇದಿಕೆ, ಹಾರ ಹಾಕಿಕೊಂಡ ಮುಖ್ಯ ಅತಿಥಿಗಳು. ಶರ್ವಾಣಿ ಚಿತ್ರವನ್ನು ದೊಡ್ಡದು ಮಾಡುತ್ತ ಕೆಳಗೆ ಸರಿಸಿದಳು. ಹಗ್ಗದ ತುದಿ, ಅದರ ಕೆಳಗೆ ನೆಲ, ನೆಲದ ಮೇಲೆ ಸುಣ್ಣದ ಗೆರೆ.

"ನೀವು ಹೇಳೋ ಗಾದಿ, ಆ ಹಾಸಿಗೆ, ಎಲ್ಲಿದೆ ಅಕ್ಕ?"

"ಫೋಟೋದಲ್ಲಿ ಬಿದ್ದಿಲ್ಲ," ಅಂದಳು ರಾಜಶ್ರೀ. ಹೇಳಿದ ಕೂಡಲೇ, ತೆರೆಯ ಮೇಲೆ ನೆಲವೆಲ್ಲ ಕಾಣುತ್ತಿರುವಾಗ ಆ ಮಾತು ಎಷ್ಟು ಪೊಳ್ಳು ಎಂದು ಅವಳಿಗೇ ಗೊತ್ತಾಯಿತು. ಆಫೀಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟಳು.

ಗಾದಿ ಇತ್ತು, ನಿಜ. ಹತ್ತಿ ತುಂಬಿದ ಹಳೆಯ ಗಾದಿ, ಅಲ್ಲಲ್ಲಿ ಗೋಣಿಚೀಲದ ತೇಪೆ ಹಾಕಿದ್ದು. ಅವಳು ಮೇಲೇರಿ ಪದ್ಮಾಸನ ಹಾಕಿದಾಗ ಫೋಟೋಗ್ರಾಫರನೊಬ್ಬ ಬಂದು, ವೇದಿಕೆಯ ಮುಂದೆ ಈ ಹರಕು ಗಾದಿ ಚೆನ್ನಾಗಿ ಕಾಣುವುದಿಲ್ಲ, ಒಂದೇ ಫೋಟೋ, ಆಚೆ ಎಳೆಯಿರಿ ಅಂದ. ಹೊಳೆಪ್ಪ ಮಾಸ್ತರ ಎಳೆದರು. "ರಾಜಿ, ಅಲ್ಲಾಡಬ್ಯಾಡ," ಎಂದು ಕೂಗಿದರು. ಫೋಟೋ ಆಯಿತು. ಅಷ್ಟರಲ್ಲಿ ಹಲಗೆ ವಾದ್ಯದವರು ಬಾರಿಸಿಬಿಟ್ಟರು, ಜನ ಕೇಕೆ ಹಾಕಿದರು. ಮಾಸ್ತರ ಗಾದಿಯ ಕಡೆಗೆ ಬಾಗುವಷ್ಟರಲ್ಲಿ ರಾಜಶ್ರೀ ಆಸನ ಬಿಚ್ಚಿ ತಿರುಗಿದ್ದಳು. ಅಲ್ಲಾಡಬೇಡ ಅಂದಿದ್ದರೂ ನಿಲ್ಲಲಿಲ್ಲ. ಆ ಕೇಕೆಗೆ ಮೈ ತಾನೇ ತಿರುಗಿತ್ತು, ಹಿಡಿತ ತಪ್ಪಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಅಪ್ಪ ಮಾಸ್ತರರ ಕೊರಳಪಟ್ಟಿ ಹಿಡಿದದ್ದು ಮಂಚದ ಮೇಲಿಂದ ಅವಳಿಗೆ ಕಂಡಿತ್ತು. ಅದಕ್ಕೇ ಅಂದಿದ್ದಳು: ಗಾದಿ ಇತ್ತು, ನನ್ನ ಕೈ ಜಾರಿತು. ವಿಚಾರಣೆಗೆ ಬಂದವರೂ ಅದನ್ನೇ ಬರೆದುಕೊಂಡರು. ಹೇಳಿ ಹೇಳಿ, ಕೊನೆಗೆ ನೆನಪಿನಲ್ಲೂ ಆ ಗಾದಿ ಒಮ್ಮೊಮ್ಮೆ ಹಗ್ಗದ ಕೆಳಗೇ ಬಂದು ಕೂರುತ್ತಿತ್ತು. ಅವ್ವನ ಅಳುವನ್ನು ಎತ್ತಿ ಬೇರೆಡೆಗೆ ಅಂಟಿಸಿದ ಭಾರ್ಗವನಿಗೂ ತನಗೂ ಏನು ಅಂತರ ಎಂದು ಆ ದಿನವೆಲ್ಲ ಯೋಚಿಸಿದಳು. ಅವನು ಚಿತ್ರ ಚೆನ್ನಾಗಿ ಬರಲೆಂದು ಮಾಡಿದ್ದ, ತಾನು ಒಬ್ಬ ಮನುಷ್ಯ ಉಳಿಯಲೆಂದು ಮಾಡಿದ್ದೆ ಎಂದು ಸಮಾಧಾನ ಹೇಳಿಕೊಂಡಳು. ಸಮಾಧಾನ ಅರ್ಧ ಮಾತ್ರ ಆಯಿತು.

ಸಂಜೆ ಅವ್ವನೆದುರು ಕೂತು ಎಲ್ಲ ಹೇಳಿದಳು. ಮುರಿಗೆವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಲಿಲ್ಲ.

"ನನಗ ಗೊತ್ತೈತಿ," ಅಂದಳು.

"ಯಾವಾಗಿಂದ?"

"ಅವತ್ತಿಂದ. ಆ ಗಾದಿಗೆ ತ್ಯಾಪಿ ಹಾಕಿದಾಕಿ ನಾನ. ಓಡಿ ಬಂದು ನಿನ್ನ ತಲಿ ಎತ್ತಿದಾಗ ಕೆಳಗ ಬರೇ ಮಣ್ಣಿತ್ತು. ನೀ ಗಾದಿ ಇತ್ತು ಅಂದಿ. ನಮ್ಮ ಮನ್ಯಾಗ ಒಂದು ಜೀವ ಮಲಗೈತಿ, ಇನ್ನ ಮಾಸ್ತರನ ಮನ್ಯಾಗೂ ಒಲಿ ಆರಿಸೂದು ಬ್ಯಾಡ ಅಂತ ಹೇಳಾಕತ್ತಾಳ ಅಂತ ತಿಳಕೊಂಡೆ. ಸುಮ್ಮನಾದೆ."

"ಒಂದ ದಿನಾನೂ ಕೇಳಲಿಲ್ಲಲ್ಲವ್ವ."

"ನೀನೂ ಹೇಳಲಿಲ್ಲ," ಅಂದಳು ಮುರಿಗೆವ್ವ. ಬಿಡಿಸಿದ ಸೊಪ್ಪನ್ನೆಲ್ಲ ಬುಟ್ಟಿಗೆ ಹಾಕಿ, "ಮೊದಲ ಮಾಸ್ತರಿಗೆ ಫೋನ್ ಹಚ್ಚು. ಅವರನ್ನ ಕೇಳಲಾರದ ಪಿಚ್ಚರಿನ್ಯಾಗ ಹೇಳಬ್ಯಾಡ," ಎಂದು ಸೇರಿಸಿದಳು.

ಹೊಳೆಪ್ಪ ಮಾಸ್ತರ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಪ್ರತಿ ಯುಗಾದಿಗೆ ಫೋನ್ ಮಾಡಿ, ಆರಾಮದೀ ಏನವ್ವ, ಆರಾಮದೀನಿ ಸರ್ ಎಂಬಲ್ಲಿಗೆ ಮಾತು ಮುಗಿಸುವುದು ಇಬ್ಬರಿಗೂ ರೂಢಿಯಾಗಿತ್ತು. ಯುಗಾದಿಯಲ್ಲದ ದಿನ ಅವಳ ಫೋನ್ ಬಂದದ್ದಕ್ಕೆ ಅವರು ಗಾಬರಿಯಾದರು.

"ಸರ್, ಒಂದು ಪಿಚ್ಚರಿನ್ಯಾಗ ನಾ ಬಿದ್ದದ್ದು ಹೇಳಬೇಕಾಗೈತಿ. ಆ ಗಾದಿದು ಖರೇ ಹೇಳ್ಲೇನು? ನಿಮ್ಮ ಹೆಸರು ಹೇಳಂಗಿಲ್ಲ. ನೀವು ಬ್ಯಾಡ ಅಂದ್ರ ಅದನ್ನೂ ಹೇಳಂಗಿಲ್ಲ."

ಆ ಕಡೆ ಅವರು ಎದ್ದು ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ಹೆಸರು ಹಿಡದ ಹೇಳು," ಅಂದರು ಮಾಸ್ತರ. "ಎಳದಿದ್ದು ನನ್ನ ಕೈ. ಅವತ್ತಿನಿಂದ ನಾ ಯಾವ ಕೂಸಿಗೂ ಹಗ್ಗ ಹತ್ತಸಲಿಲ್ಲ ರಾಜಿ. ಬರೇ ಕವಾಯತು, ಲೆಫ್ಟ್ ರೈಟ್. ನೀ ಹೇಳಲಿ ಅಂತ ಹದಿನೈದು ವರ್ಷ ದಾರಿ ಕಾದೀನಿ, ನಾನಾಗಿ ಬಾಯಿ ಬಿಡೂ ಧೈರ್ಯ ಬರಲಿಲ್ಲ. ಅಂಜಬುರುಕ ನಾ."

"ತಿರುಗಿದಾಕಿ ನಾನ ಅಲ್ಲೇನ್ರಿ ಸರ್."

"ನೀ ಹದಿನೆಂಟರ ಹುಡುಗಿ. ಮಂದಿ ಕೇಕೆ ಹೊಡದ್ರ ತಿರಗತಿ. ಅದಕ್ಕ ಗಾದಿ ಇರೂದು."



ಮರುವಾರ ಅದೇ ಗ್ಯಾರೇಜಿನಲ್ಲಿ, ಹಿಂದೊಂದು ಬಿಳಿ ಗೋಡೆ ಬಿಟ್ಟರೆ ಬೇರೇನೂ ಇಲ್ಲದೆ, ಶರ್ವಾಣಿ ಕ್ಯಾಮೆರಾ ಇಟ್ಟಳು. ರಾಜಶ್ರೀ ಮೊದಲಿನಿಂದ ಹೇಳಿದಳು. ಈ ಸಲವೂ ಅವಳು ಅಳಲಿಲ್ಲ. ಆದರೆ ಮಾತು ಸರಾಗವಾಗಿ ಬರಲಿಲ್ಲ. ನಡುನಡುವೆ ತಡೆಯಿತು, ತಿದ್ದಿಕೊಂಡಳು, ಎರಡು ಸಲ ನೀರು ಕೇಳಿದಳು. ಬೆಂಗಳೂರಿನ ಮಾತು ಬಿಟ್ಟು ಯಾವಾಗ ಊರಿನ ಮಾತಿಗೆ ಜಾರಿದಳೋ ಅವಳಿಗೇ ತಿಳಿಯಲಿಲ್ಲ. ಭಾರ್ಗವ ನಡುವೆ ಒಂದೂ ಪ್ರಶ್ನೆ ಹಾಕಲಿಲ್ಲ.

ಮುಗಿದ ಮೇಲೆ ಅವಳು ಕೇಳಿದ್ದು ಎರಡೇ. ಊರಿನ ಹುಡುಗಿಯರ ವೀಡಿಯೋ ನೋಡುವ ದೃಶ್ಯ ಇರಬೇಕು, ಪಿಟೀಲು ಇರಬಾರದು.

"ಅದು ನೋಡೋದಕ್ಕೆ ಬರೀ ಫೋನ್ ಹಿಡಿದು ಕೂತ ಹಾಗಿರತ್ತೆ ಮೇಡಂ," ಎಂದು ಅವನು ಅನುಮಾನಿಸಿದ.

"ನನ್ನ ಕೆಲಸ ಇರೋದೇ ಹಾಗೆ," ಅಂದಳು ರಾಜಶ್ರೀ. "ಮೈದಾನದಲ್ಲಿ ನಾನು ಸುಮ್ಮನೆ ಕೂತಿದ್ದನ್ನ ಒಂದು ನಿಮಿಷ ತೋರಿಸಿದ್ರಲ್ಲ, ಆ ನಿಮಿಷ ಇದಕ್ಕೆ ಕೊಡಿ."

ಕೊಟ್ಟ. ಎಲ್ಲವನ್ನೂ ಕೊಡಲಾಗಲಿಲ್ಲ. ಶಿವಕಿರಣ್ ಓಡುವುದು ಕೊನೆಯಲ್ಲೇ ಇರಲಿ ಎಂದು ಫಂಡ್ ಕೊಡುವವರು ಹಟ ಹಿಡಿದರು, ಇತ್ತು. ರಾಜಶ್ರೀಯ ಭಾಗ ಮೊದಲಿನಿಂದ ನಡುವಿಗೆ ಬಂದು, ಎರಡರಷ್ಟು ಉದ್ದವಾಯಿತು. ಮುರಿಗೆವ್ವ ಅಳುವುದು ಹೋಗಿ, ಶರ್ವಾಣಿಯ ರೊಟ್ಟಿ ಹರಿದದ್ದನ್ನು ನೋಡಿ ನಗುವುದು ಬಂತು. ಪಿಟೀಲನ್ನೂ ಕೆಳಗೆ ಅಚ್ಚು ಹಾಕಿದ್ದ ಕನ್ನಡವನ್ನೂ ತೆಗೆದಿದ್ದರು.

ಚಿತ್ರ ನಾಲ್ಕಾರು ಕಾಲೇಜುಗಳಲ್ಲಿ ಓಡಿತು. ಮೊದಲಿನದೇ ಹೆಚ್ಚು ಮನಸ್ಸಿಗೆ ನಾಟುತ್ತಿತ್ತು ಎಂದು ಎರಡೂ ನೋಡಿದವರು ಅಂದದ್ದುಂಟು. ಊರಿನಲ್ಲಿ ಹೊಳೆಪ್ಪ ಮಾಸ್ತರರ ಬಗ್ಗೆ ಕೆಲವರು ಕೆಟ್ಟದಾಗಿ ಮಾತಾಡಿದರು. ರಾಜಶ್ರೀಗೆ ಸಂಕಟವಾಯಿತು. ಮಾಸ್ತರ ಮಾತ್ರ, "ಆಡಲಿ ಬಿಡವ್ವ, ಅವರ ಪಾಳಿ," ಅಂದರು. ಅದಾಗಿ ಒಂದು ತಿಂಗಳಿಗೆ, ಹಗ್ಗ ಕಲಿಯುವ ಮಕ್ಕಳ ಬಳಿಗೆ ಅವರು ಬೆಳಗ್ಗೆ ಬಂದು ಮರದಡಿ ನಿಂತು ನೋಡಿ ಹೋಗುತ್ತಾರೆಂದು ಸುದ್ದಿ ಬಂತು. ಮಾತಾಡುವುದಿಲ್ಲವಂತೆ, ನೋಡುತ್ತಾರಂತೆ.

ಗೊಟ್ಟಿಗೆರೆಯ ಶಾಲೆಯೊಂದರ ವ್ಯಾಯಾಮ ಶಿಕ್ಷಕಿ ಉಮಾಮಹೇಶ್ವರಿ ಚಿತ್ರ ನೋಡಿ ಫೋನ್ ಮಾಡಿದರು. ಅವರ ಶಾಲೆಯಲ್ಲಿ ಮಲ್ಲಕಂಬದ ಹಗ್ಗ ಹಾಕಿಸಿದ್ದರು, ನೋಡಿಕೊಳ್ಳುವವರು ಬೇಕಿತ್ತು. ಮೊದಲ ಶನಿವಾರ ಮುಖ್ಯೋಪಾಧ್ಯಾಯರು ಅವಳನ್ನು ಮಕ್ಕಳ ಮುಂದೆ ಕೂರಿಸಿ, ಮೇಡಂ ನಿಮಗೆ ಸ್ಫೂರ್ತಿಯ ಮಾತು ಹೇಳುತ್ತಾರೆ ಅಂದರು. ರಾಜಶ್ರೀ ಸ್ಫೂರ್ತಿಯ ಮಾತು ಹೇಳಲಿಲ್ಲ. ಹಗ್ಗದ ಕೆಳಗೆ ಹಾಸಿದ್ದ ತೆಳ್ಳನೆಯ ಹಾಸು ಬದಲಾಗುವವರೆಗೂ ಯಾರೂ ಮಂಡಿಯೆತ್ತರಕ್ಕಿಂತ ಮೇಲೆ ಹತ್ತಕೂಡದು ಅಂದಳು. ಮುಖ್ಯೋಪಾಧ್ಯಾಯರು ಸಪ್ಪೆ ಮುಖ ಮಾಡಿದರು. ಮೂರು ವಾರಕ್ಕೆ ಹಾಸು ಬದಲಾಯಿತು.

ಈಗ ಪ್ರತಿ ಶನಿವಾರ ಅವಳು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿಗೆ ಮುಂಚೆ ಅಲ್ಲಿಗೆ ತಲುಪುತ್ತಾಳೆ. ಕಾಲು ಬಿಗಿಯದವರನ್ನು ಹತ್ತು ಸಲ ಇಳಿಸಿ ಹತ್ತಿಸುತ್ತಾಳೆ. ಹೊಗಳುವುದು ಕಡಿಮೆ. ಒಂದು ದಿನ ಅವಳು ಕುರ್ಚಿಯಿಂದ ಸ್ಕೂಟರಿಗೆ ಜರುಗುತ್ತಿದ್ದಾಗ, ಹಿಂದೆ ಬ್ಯಾಗು ತುಂಬಿಕೊಳ್ಳುತ್ತಿದ್ದ ಹುಡುಗಿಯರ ಗುಸುಗುಸು ಕೇಳಿಸಿತು.

"ಈ ಆಂಟಿ ಬಂದ್ರೆ ನಗೋ ಹಾಗೂ ಇಲ್ಲ ಕಣೆ. ಎಷ್ಟ್ ಬೈತಾರೆ ಗೊತ್ತಾ?"

"ಮೆಲ್ಲಗೆ ಮಾತಾಡೇ, ಕೇಳ್ಸತ್ತೆ."

ರಾಜಶ್ರೀ ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಸ್ಕೂಟರ್ ಶುರು ಮಾಡಿ, ತಿರುಗಿ ನೋಡಿದಳು. "ಕೇಳಿಸ್ತು," ಅಂದಳು. "ಮುಂದಿನ ಶನಿವಾರ ಏಳು ಗಂಟೆಗೆ. ಏಳೂ ಐದಕ್ಕಲ್ಲ."